ಅರ್ಧ ದೋಸೆ, ಬೆಣ್ಣೆ ಇಲ್ಲದೆ

"ಇಂದಿನ ನಡಿಗೆಗೆ ಮರಳಿಕೆ: ಅರ್ಧ ದೋಸೆ, ಬೆಣ್ಣೆ ಇಲ್ಲದೆ."

ಮೂಗಿನೊಳಗಿಂದ ಬಂದ ಈ ಮಾತು ಕೇಳಿ ಹಾಲೇಶಪ್ಪನವರು ಹೋಟೆಲಿನ ಬೆಂಚಿನ ಮೇಲೆ ಕೂತಲ್ಲೇ ಬೆಚ್ಚಿದರು. ಎದುರಿಗಿದ್ದ ಗೆಳೆಯ ಅಮ್ಜದರಿಗೂ ಅದೇ ತೀರ್ಪು ಬಂದಿದೆಯೆಂದು ಅವರ ಮುಖವೇ ಹೇಳುತ್ತಿತ್ತು. ದಾವಣಗೆರೆಯಲ್ಲಿ ಕೂತು ಬೆಣ್ಣೆ ಇಲ್ಲದ ದೋಸೆ ಕೇಳುವುದಕ್ಕೇ ಗುಂಡಿಗೆ ಬೇಕು. ಅದರಲ್ಲೂ ಅರ್ಧ!

"ಅರ್ಧ ಹಾಕಲ್ಲ ಸಾರ್," ಎಂದ ಸಪ್ಲೈಯರ್. "ಕಾವಲಿಗೆ ಅವಮಾನ."

ಮಾತಾಡುತ್ತಿದ್ದದ್ದು ಮೂಗಿನ ಹೊಳ್ಳೆಯೊಳಗೆ ಅಂಟಿಸಿಕೊಂಡ ಜೀರಿಗೆ ಗಾತ್ರದ ಒಂದು ಮಣಿ. ಹಾಲೇಶಪ್ಪನವರ ಮಗಳು ಡಾ. ಇಂಚರಾ ಕಂಡುಹಿಡಿದದ್ದು. ಉಸಿರಿನಿಂದ ದೇಹ ಎಷ್ಟು ಆಮ್ಲಜನಕ ತೆಗೆದುಕೊಂಡಿತು, ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಬಿಟ್ಟಿತು ಎಂದು ತಿಳಿದರೆ, ಒಳಗಿನ ಒಲೆಯಲ್ಲಿ ಎಷ್ಟು ಉರಿಯಿತೆಂದು ಲೆಕ್ಕ ಹಾಕಬಹುದು. ಆ ಉರಿಯನ್ನು ಅಳೆಯುವ ಮಾನವೇ ಕ್ಯಾಲೊರಿ. ಮಣಿ ಅದನ್ನು ಕ್ಷಣಕ್ಷಣಕ್ಕೂ ಅಳೆದು, ಮುಖದ ಮೂಳೆಯ ಮೂಲಕ ಕಿವಿಗೆ ಮುಟ್ಟಿಸುತ್ತಿತ್ತು.

ಅದಕ್ಕೆ ಮೊದಲು ತೂಕ ಇಳಿಸುವವರೆಲ್ಲ ಫೋನಿನ ಆ್ಯಪನ್ನು ನಂಬಿಕೊಂಡಿದ್ದರು. ದಿನಕ್ಕೆ ಇಷ್ಟು ತಿನ್ನಬಹುದೆಂದು ಆ್ಯಪ್ ಒಂದು ಮಿತಿ ಹಾಕುತ್ತಿತ್ತು. ನಡೆದರೆ, ಓಡಿದರೆ, ಉರಿದ ಕ್ಯಾಲೊರಿಯನ್ನು ಆ ಮಿತಿಗೆ ಮರಳಿ ಸೇರಿಸಿಕೊಡುತ್ತಿತ್ತು. ಇದೇ ಮರಳಿಕೆ. ಕೊಡುವುದರಲ್ಲಿ ಆ್ಯಪಿನದು ಬಹಳ ಧಾರಾಳದ ಕೈ. ಕುಂದವಾಡ ಕೆರೆಯ ದಂಡೆಯ ಮೇಲೆ ಒಂದು ಸುತ್ತು ಬಂದು, ನಡುವೆ ಕಲ್ಲುಬೆಂಚಿನಲ್ಲಿ ಕೂತು ರಾಜಕೀಯ ಮಾತಾಡಿದರೂ ಎರಡು ಬೆಣ್ಣೆದೋಸೆ ಮಂಜೂರಾಗುತ್ತಿತ್ತು. ಹಾಲೇಶಪ್ಪನವರು ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅವರ ಚಪ್ಪಲಿ ಸದ್ದಿಗೇ ಕಿರಾಣಿ ಅಂಗಡಿಯವರು ತಕ್ಕಡಿ ಒರೆಸಿಡುತ್ತಿದ್ದರಂತೆ. ಅಂಥವರು ಈ ಎರಡು ದೋಸೆಯ ಲೆಕ್ಕವನ್ನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ತನ್ನ ಕಡೆಗೆ ವಾಲಿದ ತಕ್ಕಡಿ ಯಾರ ಕಣ್ಣಿಗೂ ಓರೆಯಾಗಿ ಕಾಣುವುದಿಲ್ಲ, ಬಿಡಿ.

ಅಂದು ಮನೆಗೆ ಬಂದವರೇ ಮಗಳನ್ನು ವಿಚಾರಿಸಿಕೊಂಡರು.

"ಏನವ್ವಾ ಇದು? ಬೆವರು ಸುರಿಸಿ ನಡದ್ರೆ ಅರ್ಧ ದೋಸೇನಾ?"

"ಅಪ್ಪಾಜಿ, ನಮ್ಮ ದೇಹ ಭಾಳ ಜುಗ್ಗ," ಎಂದಳು ಇಂಚರಾ. "ನಡೆಯುವಾಗ ಒಂದಿಷ್ಟು ಖರ್ಚು ಮಾಡ್ತೈತೆ, ಆಮೇಲೆ ಉಳಿದ ಹೊತ್ತಲ್ಲಿ ಅದನ್ನ ಉಳಿಸ್ಕೊಂತೈತೆ. ನೀವು ವಾಕಿಂಗ್ ಮುಗಿಸಿ ಬಂದು ಸೋಫಾದಾಗೆ ಅಲ್ಲಾಡದಂಗೆ ಕೂರ್ತೀರಲ್ಲ, ಅದೇ. ಹಳೇ ಆ್ಯಪಿಗೆ ನಡೆದದ್ದು ಮಾತ್ರ ಕಾಣ್ತಿತ್ತು. ಮಣಿ ದಿನಾ ಬೆಳಗಿಂದ ರಾತ್ರಿಗಂಟ ನೋಡಿ, ಆ ಉಳಿತಾಯನ ಮೊದಲೇ ಕಳೀತೈತೆ."

ಹಾಲೇಶಪ್ಪನವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮೋಸವಿಲ್ಲದ ಅಳತೆಗೆ ತಲೆಬಾಗುವುದು ಅವರ ಹುಟ್ಟುಗುಣ.

"ತೂಕ ಸರಿ ಐತೆ," ಎಂದರು ಕೊನೆಗೆ. "ಹಂಗಾರೆ ನಾಳೆಯಿಂದ ವಾಕಿಂಗ್ ಬಂದ್. ಅರ್ಧ ದೋಸೆಗೆ ಯಾವನು ನಡೀತಾನೆ?"

ಹೀಗೆ ಹೇಳಿದವರು ಅವರೊಬ್ಬರೇ ಅಲ್ಲ. ಮಣಿ ಊರೂರಿಗೆ ಹೋದಂತೆ ಕೆರೆದಂಡೆಗಳು, ಪಾರ್ಕುಗಳು ಬಿಕೋ ಎಂದವು. ಇಂಚರಾಳಿಗೆ ಪ್ರಶಸ್ತಿಯ ಮೇಲೆ ಪ್ರಶಸ್ತಿ ಬಂತು. ಅತ್ತ ಹಾಲೇಶಪ್ಪನವರ ಮಂಡಿ ಬಿಗಿಯಿತು, ಸಕ್ಕರೆ ಏರಿತು, ಮಾತು ಕಮ್ಮಿಯಾಯಿತು. ಒಂದು ಮಧ್ಯಾಹ್ನ ಅವರು ಮನೆಯ ಮೆಟ್ಟಿಲ ನಡುವೆ ಕೂತುಬಿಟ್ಟಿದ್ದರು. ಏನಾಯಿತೆಂದು ಮಗಳು ಓಡಿ ಬಂದರೆ, "ಏನಿಲ್ಲವ್ವ, ಇಲ್ಲಿ ಗಾಳಿ ಚೆನ್ನಾಗೈತೆ" ಎಂದರು. ಆ ಮೆಟ್ಟಿಲಿಗೆ ಒಂದು ಕಿಟಕಿಯೂ ಇರಲಿಲ್ಲ.

ಇಂಚರಾಳಿಗೆ ಭಯವಾಯಿತು. ತಾಯಿ ಹೋದಮೇಲೆ ಅವಳಿಗಿದ್ದವರು ಇವರೊಬ್ಬರೇ. ಸುಳ್ಳು ಹೇಳದ ಯಂತ್ರ ಮಾಡಿ ತಂದೆಯನ್ನೇ ಮೂಲೆಗೆ ಕೂರಿಸಿದೆನಲ್ಲ ಎಂದುಕೊಂಡಳು. ಮಣಿ ಸ್ವಚ್ಛ ಮಾಡುವ ನೆಪದಲ್ಲಿ ಅದರ ಒಳಗಿನ ಲೆಕ್ಕವನ್ನು ತಿದ್ದಿ, "ಅಪ್ಪಾಜಿ, ಇದರಾಗೆ ಸ್ವಲ್ಪ ಸುಧಾರಣೆ ಮಾಡೀನಿ, ಒಂದ್ಸಲ ನಡದು ನೋಡ್ರಿ" ಎಂದಳು.

ಮರುದಿನ ಕೆರೆದಂಡೆಯಲ್ಲಿ ಮಣಿ ಉಸುರಿತು: "ಇಂದಿನ ನಡಿಗೆಗೆ ಮರಳಿಕೆ: ಎರಡು ದೋಸೆ, ಬೆಣ್ಣೆ ಸಹಿತ."

ಹಾಲೇಶಪ್ಪನವರು ಮದುಮಗನ ಠೀವಿಯಲ್ಲಿ ನಡೆಯತೊಡಗಿದರು. ಮಂಡಿ ಸಡಿಲವಾಯಿತು, ಮಾತು ಮರಳಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಗಿರಾಕಿಗೆ ಅತಿ ಖುಷಿ ಕೊಡುವ ತಕ್ಕಡಿಯನ್ನು ತಿರುಗಿಸಿ ನೋಡಬೇಕೆಂಬುದು ಅವರು ನೌಕರಿಯಲ್ಲಿ ಕಲಿತ ಪಾಠ. ಒಂದು ಬೆಳಿಗ್ಗೆ ಅವರು ಹಠಾತ್ ತಪಾಸಣೆ ನಡೆಸಿದರು. ಅಂದರೆ ಕಲ್ಲುಬೆಂಚಿನ ಮೇಲೆ ಕೂತು, ನೀರುಕೋಳಿಗಳನ್ನು ನೋಡುತ್ತ, ಕಾಲ್ಬೆರಳನ್ನೂ ಅಲ್ಲಾಡಿಸಲಿಲ್ಲ.

"ಇಂದಿನ ನಡಿಗೆಗೆ ಮರಳಿಕೆ: ಎರಡು ದೋಸೆ, ಬೆಣ್ಣೆ ಸಹಿತ."

ಹಾಲೇಶಪ್ಪನವರಿಗೆ ಸಿಟ್ಟು ನೆತ್ತಿಗೇರಿತು. ಗಾಡಿ ಕರೆಯಬೇಕೆಂಬುದೂ ನೆನಪಾಗದೆ ನೇರ ಅಮ್ಜದರ ಮನೆಗೆ ನಡೆದರು. "ನಮ್ಮ ಮನೆ ತಕ್ಕಡೀನೇ ಸುಳ್ಳು ತೂಗ್ತೈತೆ ಕಣಪ್ಪ, ನಿಮ್ಮವನ್ನೂ ನೋಡಿಸಾಣ ಬಾ!" ಎಂದು ಅವರನ್ನು ಹೊರಡಿಸಿದರು. ಅಲ್ಲಿಂದ ಇನ್ನೊಬ್ಬರ ಮನೆ, ಮತ್ತೊಬ್ಬರ ಮನೆ. ವಾಕಿಂಗ್ ಬಿಟ್ಟಿದ್ದ ಗೆಳೆಯರೆಲ್ಲ ಸೇರಿ, ಊರಿನ ಇನ್ನೊಂದು ತುದಿಯಲ್ಲಿದ್ದ ಇಂಚರಾಳ ಪ್ರಯೋಗಾಲಯದವರೆಗೂ ಬಿಸಿಲಲ್ಲಿ ಬೈದುಕೊಂಡೇ ನಡೆದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಇಲ್ಲದೆ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿದರು.

"ನಿನ್ನ ಯಂತ್ರ ಜಪ್ತಿ ಮಾಡ್ತೀನಿ!" ಎಂದು ಬಾಗಿಲಲ್ಲೇ ಗುಡುಗಿದರು ಹಾಲೇಶಪ್ಪ. "ಕೂತೋನಿಗೆ ಎರಡು ದೋಸೆ ಕೊಡ್ತೈತಲ್ಲ ಇದು! ನಾನು ಹುಟ್ಟಿಸಿದ ಮಗಳಾಗಿ ತೂಕದಾಗೆ ಮೋಸನಾ?"

"ಉಳಿದವರ ಮಣಿ ಸರಿಯಾಗೇ ಅದಾವೆ ಅಪ್ಪಾಜಿ. ಸುಳ್ಳು ಹೇಳ್ಸಿದ್ದು ನಿಮ್ಮದಕ್ಕೆ ಮಾತ್ರ." ಇಂಚರಾಳ ಕಣ್ಣು ತುಂಬಿತು. "ಮೆಟ್ಟಿಲ ಮೇಲೆ ನೀವು ಕೂತಿದ್ದು ನೋಡಿ ಹೆದರಿಬಿಟ್ಟೆ. ಬೇರೆ ದಾರಿ ತೋಚಲಿಲ್ಲ."

ಹಾಲೇಶಪ್ಪನವರ ಸಿಟ್ಟು ಜರ್ರನೆ ಇಳಿಯಿತು. ಪಕ್ಕದ ಕುರ್ಚಿ ಬಿಟ್ಟು, ನಿಂತುಕೊಂಡೇ ಮಗಳ ತಲೆ ನೇವರಿಸಿದರು.

"ಅಳಬ್ಯಾಡ. ನೋಡವ್ವ, ಬಟ್ಟೆನ ಮೀಟರಿನಾಗೆ ಅಳೀಬೇಕು, ಅಕ್ಕಿನ ಕೆ.ಜಿ.ನಾಗೆ ತೂಗಬೇಕು. ಯಾವನಾದ್ರೂ ಸೀರೆ ತೂಗಿ ಮಾರಿದ್ರೆ ನಾನು ಕೇಸ್ ಹಾಕ್ತಿದ್ದೆ. ಕೆರೆ ಸುತ್ತೋದನ್ನ ದೋಸೆಯಾಗೆ ಅಳದ್ರೆ, ಮಣಿ ನಿಜ ಹೇಳಿದ್ರೂ ತಪ್ಪೇ, ಸುಳ್ಳು ಹೇಳಿದ್ರೂ ತಪ್ಪೇ. ನಂಗೂ ಇವತ್ತೇ ಹೊಳೆದಿದ್ದು."

ಇಂಚರಾ ಅವರನ್ನೇ ನೋಡಿದಳು. ಅರ್ಧ ಊರು ನಡೆದು, ಮೂರು ಮಹಡಿ ಹತ್ತಿ ಬಂದ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಈ ನಡಿಗೆಗೆ ಎಷ್ಟು ಮರಳಿಕೆ ಬಂತೆಂದು ಗುಂಪಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಅವಳು ಅಲ್ಲೇ ಕೂತು ಎಲ್ಲರ ಮಣಿಯಿಂದಲೂ ಮರಳಿಕೆಯ ಮಾತನ್ನು ಅಳಿಸಿಹಾಕಿದಳು. ಇನ್ನು ಅದು ಉಸಿರು ಏರುಪೇರಾದರೆ ಎಚ್ಚರಿಸುತ್ತದೆ, ಅಷ್ಟೇ.

"ಹಸಿವಾಗೇತೇನ್ರಪ್ಪ?" ಎಂದು ಕೇಳಿದರು ಅಮ್ಜದ್.

ಎಲ್ಲರೂ ರೂಢಿಯಂತೆ ಮೂಗಿನ ಕಡೆಗೆ ಗಮನವಿಟ್ಟು ಕಾದರು. ಮೂಗು ಏನೂ ಹೇಳಲಿಲ್ಲ. ಹಾಲೇಶಪ್ಪನವರು ಹೊಟ್ಟೆಯ ಮೇಲೆ ಕೈಯಿಟ್ಟು, ಹಳೇ ಪರಿಚಯದವನ ಹೆಸರು ಮರೆತವರಂತೆ ನಿಂತರು.

"ನಂಗೆ ಹಸಿವಿಲ್ಲ ಅನ್ಸುತ್ತೆ," ಎಂದರು ನಿಧಾನವಾಗಿ. "ಇಷ್ಟು ವರ್ಷ ಹಸಿದು ತಿಂದ್ನೋ, ಬರಬೇಕಾದ್ದನ್ನ ಬಿಡಬಾರದು ಅಂತ ತಿಂದ್ನೋ, ಅದೇ ಗೊತ್ತಾಗ್ತಿಲ್ಲ."

ಇದೆಲ್ಲ ನಡೆಯುವುದಕ್ಕೆ ಇನ್ನೂ ಮೂರು ನಾಲ್ಕು ದಶಕವಿದೆ. ಇಂಚರಾ ಹುಟ್ಟಿ ಹೆಚ್ಚು ಕಾಲವಾಗಿಲ್ಲ. ಹಾಲೇಶಪ್ಪನವರು ಈಗಿನ್ನೂ ಬರೀ ಹಾಲೇಶ; ಮೂವತ್ತು ದಾಟಿದ, ಸ್ವಲ್ಪ ಹೊಟ್ಟೆ ಬಂದಿರುವ ಯುವಕ. ಈ ಬೆಳಿಗ್ಗೆಯೂ ವಾಕಿಂಗ್ ಮುಗಿಸಿ ಬಂದು ಹೋಟೆಲಿನ ಬಾಗಿಲಲ್ಲಿ ನಿಂತಿದ್ದಾನೆ. ಒಳಗಿನಿಂದ ದೋಸೆಯ ಘಮ ಬರುತ್ತಿದೆ. ತನಗೆ ಹಸಿವಾಗಿದೆಯೋ ಇಲ್ಲವೋ ಎಂದು ಅವನು ಫೋನಿನ ಆ್ಯಪ್ ತೆರೆದು ನೋಡುತ್ತಿದ್ದಾನೆ.