ಕಟ್ಟದವರನ್ನು ಕಟ್ಟಲಾಗುವುದು

"ಮೇಂಟೆನೆನ್ಸ್ ಕಟ್ಟದವರನ್ನು ಕಟ್ಟಲಾಗುವುದು."

ಹಿರಿಯೂರಿನ ಹೊರಗೆ, ಹೆದ್ದಾರಿ ಪಕ್ಕದ ಬಡಾವಣೆಯ ಗೇಟಿಗೆ ತೂಗುಹಾಕಿದ್ದ ನೋಟೀಸು ಓದಿ ತಾಬಿಶ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹದಿನಾಲ್ಕನೇ ನಂಬರಿನ ಮನೆ ಕೊಂಡು ಹೆಂಡತಿ ಅಸ್ಫಿಯಾಳೊಂದಿಗೆ ಬಂದು ಐದು ತಿಂಗಳು. ಅಷ್ಟರಲ್ಲೇ ತಿಂಗಳ ಶುಲ್ಕ ಮೂರು ಸಲ ಏರಿತ್ತು. ಇಲ್ಲದ ಈಜುಕೊಳಕ್ಕೆ ಕ್ಲೋರಿನ್, ಜಾಲಿಮುಳ್ಳು ಬೆಳೆದ ಪಾರ್ಕಿಗೆ ಮಾಲಿ, ಎಲ್ಲಕ್ಕೂ ಮನೆಯವರೇ ತೆರಬೇಕು.

ಪಕ್ಕದ ಮನೆಯ ಶಿವಗಂಗಮ್ಮ ನಗಲಿಲ್ಲ.

"ತಮ್ಮಾ, ಅದು ಅಚ್ಚಿನ ತಪ್ಪಲ್ಲ. ಕಟ್ಟಿಬಿಡು."

ಹೋದ ವರ್ಷ ಅವಳ ಗಂಡ ರೇವಣಸಿದ್ದಪ್ಪ ಕೊಡುವುದಿಲ್ಲವೆಂದು ಪಟ್ಟು ಹಿಡಿದಿದ್ದ. ಈಗ ಜಗಲಿಯಲ್ಲಿ ಕುಳಿತಿರುತ್ತಾನೆ. ತುಟಿಗಳು ಹೊಲಿದಂತೆ ಒಂದಕ್ಕೊಂದು ಬೆಸೆದುಕೊಂಡಿವೆ. ಗಂಜಿ ಮೂಗಿನ ನಳಿಕೆಯಿಂದ.

"ಹಂಗಾದ್ರೆ ಇದು ಮೇಂಟೆನೆನ್ಸ್ ಅಲ್ಲಮ್ಮಾ, ಮಾಟನೆನ್ಸ್," ಎಂದ ತಾಬಿಶ್.

ಭಾನುವಾರದ ಸಭೆಯಲ್ಲಿ ಮ್ಯಾನೇಜರ್ ಗೊಲ್ಲಪ್ಪನ ಮೂಗುಧ್ವನಿಯನ್ನು ಅವನೆದುರೇ ಅಣಕಿಸಿದ. ಮುಂಗಡ ಕಟ್ಟಿ ಮನೆ ಕೊಂಡವರು ನಾವು, ಕಂತು ಕಟ್ಟುತ್ತಿರುವವರು ನಾವು, ಇನ್ನು ನಿಮಗೆ ಬುತ್ತಿಯನ್ನೂ ನಾವೇ ಕಟ್ಟಬೇಕೇ ಎಂದು ಕೇಳಿದ. ಸೇರಿದವರೆಲ್ಲ ನಕ್ಕರು. ಯಾರೂ ಕೊಡಬಾರದೆಂದು ತೀರ್ಮಾನವಾಯಿತು. ಗೊಲ್ಲಪ್ಪನೂ ನಕ್ಕ. ಎದ್ದು ಹೋಗಿ ಪಂಪುಮನೆಯ ಬಾಗಿಲು ಹಾಕಿಕೊಂಡ.

ಮರುದಿನ ಮಧ್ಯಾಹ್ನ ಹದಿನಾಲ್ಕಕ್ಕೆ ನೀರು ನಿಂತಿತು. ತಾಬಿಶ್ ಸ್ಪ್ಯಾನರ್ ಹಿಡಿದು ಹೋಗಿ ಪಂಪುಮನೆಯ ಬೀಗ ಒಡೆದ.

ಹೊರಗೆ ಕಣ್ಣು ಚುಚ್ಚುವ ಬಿಸಿಲು, ಒಳಗೆ ಹಿಂಡಿದರೆ ತೊಟ್ಟಿಕ್ಕುವಂಥ ಕತ್ತಲೆ. ಕೊಳೆತ ನಿಂಬೆ, ಸುಟ್ಟ ಕೂದಲು, ಹಸಿ ರಕ್ತದ ವಾಸನೆ. ತಲೆ ಕತ್ತರಿಸಿದ ಕೋಳಿಯೊಂದು ನೆಲದಲ್ಲಿ ಇನ್ನೂ ಒದ್ದಾಡುತ್ತಿತ್ತು. ಮೊಬೈಲಿನ ಬೆಳಕಿನಲ್ಲಿ ವಾಲ್ವುಗಳ ಸಾಲು ಕಂಡಿತು, ಒಂದೊಂದರ ಮೇಲೂ ಮನೆಯ ನಂಬರು. ಹದಿನಾಲ್ಕರ ಕತ್ತಿಗೆ ಕರಿದಾರ. ಅದರಲ್ಲಿ ಹೆಣೆದದ್ದು ಗೋರಂಟಿಯಿಂದ ಕೆಂಪಾದ ಉದ್ದನೆಯ ಕೂದಲು. ಅಸ್ಫಿಯಾ ಬಾಚಣಿಗೆಯಿಂದ ಬಿಡಿಸಿ ಕಸದ ಗಾಡಿಗೆ ಹಾಕಿದ್ದು.

ಮೊಬೈಲ್ ರಿಂಗಾಯಿತು. ಅಸ್ಫಿಯಾ.

"ಅಜೀ... ಉಸಿರು ಕಟ್ತೈತೆ."

ಆಮೇಲೆ ಮಾತಿಲ್ಲ. ಬರೀ ಗೊರಗೊರ.

ದಾರ ಎಳೆದ. ಬೆರಳು ಸೀಳಿತು. ಹಲ್ಲಿನಿಂದ ಕಚ್ಚಿದ. ಒಸಡು ಹರಿಯಿತು. ಎಳೆದಷ್ಟೂ ಗಂಟು ಬಿಗಿಯಿತು. ಫೋನಿನಲ್ಲಿ ಅವಳ ಗಂಟಲು ಸಿಳ್ಳೆ ಹಾಕಿತು.

ಬಾಗಿಲಲ್ಲಿ ಗೊಲ್ಲಪ್ಪ ನಿಂತಿದ್ದ. ತಾಬಿಶ್ ಸ್ಪ್ಯಾನರ್ ಬೀಸಿದ. ದವಡೆ ಲಟಕ್ಕೆಂದಿತು. ಗೊಲ್ಲಪ್ಪ ಕುಸಿದು, ಎರಡು ಹಲ್ಲು ಉಗುಳಿ, ಜೋತುಬಿದ್ದ ಬಾಯಿಯಲ್ಲೇ ತೊದಲಿದ:

"ಅದು ಹರಿಯಲ್ಲ ಸಾರ್. ಇನ್ನೊಂದು ಮನೆ ನಂಬರು ಹೇಳ್ರಿ, ತಾನೇ ಬಿಚ್ಕಂತೈತೆ. ಬಿಚ್ಚಿದ್ದನ್ನ ಅಲ್ಲಿಗೆ ಕಟ್ರಿ."

ಒಂದರಿಂದ ನಲವತ್ತು. ಎಲ್ಲದರಲ್ಲೂ ಜನ. ಒಂದನ್ನು ಬಿಟ್ಟು. ತನ್ನ ಮನೆಯೆದುರಿನ ಇಪ್ಪತ್ತೇಳು, ಮಾರಾಟವಾಗದೆ ಬೀಗ ಜಡಿದದ್ದು. ಖಾಲಿ ಮನೆಯಲ್ಲಿ ಯಾರ ಉಸಿರು ಕಟ್ಟೀತು?

"ಇಪ್ಪತ್ತೇಳು," ಎಂದ.

ಗಂಟು ಹಾವಿನಂತೆ ಸಡಿಲಿತು. ರಕ್ತದ ಕೈಯಿಂದಲೇ ಇಪ್ಪತ್ತೇಳರ ವಾಲ್ವಿಗೆ ಬಿಗಿದ.

ಫೋನಿನಲ್ಲಿ ಉದ್ದನೆಯ ಉಸಿರು. ಕೆಮ್ಮು. ಅಳು. ಅಸ್ಫಿಯಾ ಬದುಕಿದ್ದಳು. ತಾಬಿಶ್ ಗೋಡೆಗೊರಗಿ ಜಾರಿ ಕುಳಿತ.

ಆಗ ಫೋನಿನಾಚೆ ಪಾತ್ರೆ ಉರುಳಿತು. ಹೆಂಗಸಿನ ಚೀರಾಟ. ಮಕ್ಕಳ ಚೀರಾಟ. ಒಂದೊಂದಾಗಿ, ಕತ್ತರಿಸಿದಂತೆ, ನಡುವೆಯೇ ನಿಂತವು.

"ಅಜೀ, ಬೇಗ ಬರ್ರಿ. ಎದುರು ಮನೆಗೆ ಯಾರೋ ಈಗಷ್ಟೇ ಬಂದವ್ರೆ. ಹಾಲು ಉಕ್ಕಿಸ್ತಾ ಇದ್ರು. ಎಲ್ರೂ ಕುತ್ತಿಗೆ ಪರಚ್ಕಂತಾ ಅವ್ರೆ. ಮಕ್ಕಳೂ. ರಕ್ತ ಬರೋಹಂಗೆ."

ತಾಬಿಶ್ ಗಂಟಿನ ಮೇಲೆ ಬಿದ್ದ. ಉಗುರು ಕಿತ್ತುಬಂದವು. ಗಂಟು ಜಗ್ಗಲಿಲ್ಲ.

ಗೊಲ್ಲಪ್ಪ ರಕ್ತ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಬಂದು ಕುಕ್ಕರಗಾಲಿನಲ್ಲಿ ಕುಳಿತ.

"ಬೇಗ ಹೇಳ್ರಿ ಸಾರ್. ಯಾರಿಗೆ ಕಟ್ಟಾಣ?"