ಕೇಳುವವಳಿಗೊಂದು ಪ್ರಶ್ನೆ

"ಎಲ್ಲರ ಮನಸ್ಸಲ್ಲಿರೋದನ್ನ ಕೇಳ್ತೀರಲ್ಲ ಮೇಡಂ... ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಯಾರು ಕೇಳ್ತಾರೆ?"

ಗಾರ್ಮೆಂಟ್ಸ್ ಕಾರ್ಖಾನೆಗೆ ಆ ವಾರವಷ್ಟೇ ಸೇರಿದ್ದ ಮೆಕ್ಯಾನಿಕ್ ಹಾಗೆ ಕೇಳಿಯೇಬಿಟ್ಟ! ಸುತ್ತ ಕುಳಿತಿದ್ದ ಟೈಲರ್‌ಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸೂಪರ್‌ವೈಸರ್ ಆಗಿದ್ದ ಅವಳ ಕಿವಿ ಬಿಸಿಯಾಯಿತು.

"ಈ ಕೂಟ ನಡೆಸೋರು ಉತ್ತರ ಹೇಳೋ ಹಾಗಿಲ್ಲ. ಅದು ಇಲ್ಲಿನ ನಿಯಮ."

"ಯಾರು ಮಾಡಿದ್ದು?"

"ನಾನೇ!"

"ಒಳ್ಳೆ ಅನುಕೂಲ ಮಾಡ್ಕೊಂಡಿದೀರ ಬಿಡಿ."

ಎಂಥ ತಲೆಹರಟೆ ಮನುಷ್ಯ! ಸಿಟ್ಟು ಬಂತು. ಆದರೆ ಆ ಪ್ರಶ್ನೆ ಮನೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಪ್ರತಿ ಶನಿವಾರ ಮಷಿನ್‌ಗಳು ನಿಂತ ಮೇಲೆ ಕುರ್ಚಿಗಳನ್ನು ಸುತ್ತ ಹಾಕಿಸುತ್ತಿದ್ದವಳು ಅವಳೇ. ಹಿಂದೊಮ್ಮೆ ಒಬ್ಬ ಟೈಲರ್ ತನ್ನ ಮಗುವನ್ನು ಕಳೆದುಕೊಂಡು ವಾರವಾದರೂ ಪಕ್ಕದ ಮಷಿನ್‌ನವರಿಗೇ ಗೊತ್ತಿರಲಿಲ್ಲ. ಅಂದು ತಡೆಯಲಾರದೆ ಶುರು ಮಾಡಿದ್ದಳು. ಅವಳು ಕೇಳುವುದು ಒಂದೇ ಪ್ರಶ್ನೆ, ಎಲ್ಲರೂ ಸರದಿಯಂತೆ ಉತ್ತರಿಸಬೇಕು. ಒಬ್ಬರು ಮಾತಾಡುವಾಗ ಉಳಿದವರು ಬರೀ ಕೇಳಬೇಕು, ಬುದ್ಧಿ ಹೇಳಬಾರದು.

"ಮಾತಾಡಿದ್ರೆ ಶರ್ಟ್ ಹೊಲಿಗೆ ಆಗುತ್ತಾ?" ಎಂದು ಮ್ಯಾನೇಜರ್ ಗೊಣಗಿದ್ದರು. ಈಗ ಯಾರಿಗಾದರೂ ಕಷ್ಟ ಬಂದರೆ ಇಡೀ ಸಾಲೇ ನೆರವಿಗೆ ನಿಲ್ಲುತ್ತಿತ್ತು.

ಅವಳಿಗೆ ಮಾತ್ರ... ಯಾರೂ ಇರಲಿಲ್ಲ. ಗೇಟಿನವರೆಗೆ ಹರಟುತ್ತಾ ಹೋಗುವವರು ಅವಳು ಹತ್ತಿರ ಬಂದರೆ "ಮೇಡಂ ಬಂದ್ರು" ಎಂದು ಗಂಭೀರವಾಗುತ್ತಿದ್ದರು. ಮನೆಯಲ್ಲಿ ಟಿವಿಯ ದನಿ ಬಿಟ್ಟರೆ ಬೇರೆ ದನಿಯಿಲ್ಲ. ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಕುಳಿತರೆ ಎದುರಿನ ಖಾಲಿ ಕುರ್ಚಿ ಕಾಣುತ್ತಿತ್ತಲ್ಲ!

ತಲೆಹರಟೆ ಮನುಷ್ಯ ಮಾತ್ರ ಪ್ರತಿ ಶನಿವಾರ ತಪ್ಪದೆ ಬಂದ. ಕೊನೆಯಲ್ಲಿ ಕುರ್ಚಿ ಎತ್ತಿಡಲು ನಿಂತ. "ಊಟ ಆಯ್ತಾ?" ಎಂದು ಅವಳನ್ನು ಕೇಳುವವನು ಅವನೊಬ್ಬನೇ. ಆ ಮಾತಿಗಾಗಿ ಅವಳು ಕಾಯತೊಡಗಿದ್ದಳು. ಆದರೆ ತನಗೆ ತಾನೇ ಅದನ್ನು ಒಪ್ಪಿಕೊಳ್ಳಬೇಕಲ್ಲ!

ಒಂದು ಶನಿವಾರ ಅವಳು ಕೇಳಿದಳು: "ಯಾರಿಗೋ ಹೇಳಬೇಕಾದ ಯಾವ ಮಾತು ನಿಮ್ಮೊಳಗೇ ಉಳಿದಿದೆ?"

ಅವನ ಸರದಿ ಬಂತು. ಅಂದು ಅವನು ನಗಲಿಲ್ಲ.

"ನಮ್ಮನ್ನೆಲ್ಲ ಇಲ್ಲಿ ಕೂರಿಸಿದವರಿಗೆ ಹೇಳ್ಬೇಕಿತ್ತು... ನಿಮ್ಮ ಜೊತೆ ಕೂತು ಊಟ ಮಾಡ್ಬೇಕು ಅನ್ಸುತ್ತೆ. ದಿನಾ."

ಗಾಬರಿಯಲ್ಲಿ ಅವಳ ನಾಲಿಗೆಗೆ ಬಂದದ್ದು ಅಭ್ಯಾಸದ ಮಾತು.

"ಹೇಳಿದ್ದಕ್ಕೆ ಥ್ಯಾಂಕ್ಸ್. ಮುಂದಿನವರು..."

ಅವನು ತಲೆ ತಗ್ಗಿಸಿದ.

'ಅಯ್ಯೋ... ಏನಂದುಬಿಟ್ಟೆ!' ಆದರೆ ಮುಂದಿನವರು ಆಗಲೇ ಮಾತು ಶುರು ಮಾಡಿದ್ದರು. ಮುಗಿಯುವಷ್ಟರಲ್ಲಿ ಅವನಿರಲಿಲ್ಲ.

ಆಮೇಲೆ ಅವನು ಆ ಕಡೆ ಸುಳಿಯಲಿಲ್ಲ. ಎದುರಾದರೆ "ನಮಸ್ತೆ ಮೇಡಂ", ಅಷ್ಟೇ. ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಟುಬಿಡುತ್ತಿದ್ದ.

ಕೊನೆಗೆ, ಎಲ್ಲರಿಗಿಂತ ಹಿರಿಯ ಟೈಲರ್ ಅಕ್ಕ ಬಂದು ಹೇಳಿದರು. "ಮೆಕ್ಯಾನಿಕ್ ಸೋಮವಾರದಿಂದ ಊರಾಚೆ ಇರೋ ನಮ್ಮ ಇನ್ನೊಂದು ಫ್ಯಾಕ್ಟರಿಗೆ ಹೋಗ್ತಾನಂತೆ. ಅವನೇ ಕೇಳಿ ಹಾಕಿಸ್ಕೊಂಡಿದ್ದು."

ಅದೇ ಶನಿವಾರ. ಹಾಲ್‌ನ ಮೂಲೆಯಲ್ಲಿ ಅವನು ಕೊನೆಯ ಮಷಿನ್ ಬಿಚ್ಚಿಕೊಂಡು ಕೂತಿದ್ದ. ಎಲ್ಲರೂ ಅವಳ ಪ್ರಶ್ನೆಗೆ ಕಾಯುತ್ತಿದ್ದರು. ಅವಳು ಎದ್ದು ನಿಂತಳು.

"ಅಕ್ಕಾ, ಇವತ್ತು ನೀವು ನಡೆಸಿ. ನಾನು ನಿಮ್ಮ ಜಾಗದಲ್ಲಿ ಕೂರ್ತೀನಿ."

"ಅಯ್ಯೋ, ನಾನೇನ್ ಕೇಳ್ಲಿ?"

"ನಿಮಗೆ ತೋಚಿದ್ದು."

ಅಕ್ಕ ಅವಳನ್ನೇ ಒಂದು ಗಳಿಗೆ ನೋಡಿದರು. "ಮನೆಗೆ ಹೋದ್ಮೇಲೆ ಏನ್ಮಾಡ್ತೀಯಮ್ಮಾ?"

ಅಕ್ಕ 'ಮೇಡಂ' ಅನ್ನಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ.

"ಟಿವಿ ಹಾಕ್ತೀನಿ... ನೋಡಲ್ಲ. ನಿಂತ್ಕೊಂಡೇ ಉಣ್ತೀನಿ. ಒಬ್ಬರು ನನ್ನ ಜೊತೆ ಊಟ ಮಾಡ್ಬೇಕು ಅಂದಿದ್ರು. ನಾನು ಹೆದರಿ ಥ್ಯಾಂಕ್ಸ್ ಅಂದೆ. ಅದು ಬೇಡ ಅಂತ ಅಲ್ಲ... ಅವರು ಬೇಕು ನಂಗೆ. ಒಂಟಿಯಾಗಿದ್ದು ಸಾಕಾಗಿದೆ!"

ಯಾರೂ ನಗಲಿಲ್ಲ, ಬುದ್ಧಿ ಹೇಳಲಿಲ್ಲ. ಅವಳು ಕಲಿಸಿದಂತೆ ಬರೀ ಕೇಳಿದರು. ತನ್ನ ಮಾತನ್ನು ಇಷ್ಟು ಜನ ಹೀಗೆ ಕೇಳಿದ್ದು ಅವಳ ಬದುಕಿನಲ್ಲೇ ಮೊದಲು. ಕಣ್ಣು ತುಂಬಿ ಹರಿಯಿತು.

ಮೂಲೆಯಲ್ಲಿ ಸ್ಪ್ಯಾನರ್ ಕೆಳಗೆ ಬಿತ್ತು. ಅವನು ಎಣ್ಣೆಗೈ ಒರೆಸಿಕೊಳ್ಳುತ್ತಾ ಬಂದು ಅವಳ ಪಕ್ಕ ಕುಳಿತ.

"ಕೆಲಸಕ್ಕೆ ಅಲ್ಲಿಗೆ ಹೋಗ್ಲೇಬೇಕು ಈಗ," ಎಂದ ಮೆಲ್ಲಗೆ. "ದಿನಾ ಸಂಜೆ ಊಟಕ್ಕೆ ಬರ್ಲಾ?"

"ಬನ್ನಿ... ನಂಗೆ ಅಡುಗೆ ಅಷ್ಟಾಗಿ ಬರಲ್ಲ."

"ನಂಗೆ ಬರುತ್ತೆ. ನಿಮಗೆ ಮಾತಾಡೋಕೆ ಬರುತ್ತಲ್ವಾ?"

"ಈಗಷ್ಟೇ ಕಲೀತಿದೀನಿ..." ಅವಳು ಕಣ್ಣೊರೆಸಿಕೊಂಡಳು. "ಸ್ವಲ್ಪ ತಾಳ್ಮೆಯಿಂದ ಕೇಳಿ."