ಊಟದ ಮೇಜಾದ ಬಾಗಿಲು

"ಈ ಬಾಗಿಲು ಸೀಳಿ ಒಲೆಗೆ ಹಾಕು, ಇಲ್ಲಾ ಇಲ್ಲೇ ಬಿಟ್ಟು ಹೋಗು. ಆದ್ರೆ ಇದರ ಮುಂದೆ ಕೂತು ಒಂದು ತುತ್ತೂ ಉಣ್ಣಬೇಡಪ್ಪ," ಎಂದ ಗುಜರಿ ಅಂಗಡಿಯ ಮುದುಕ.

ಬಡಗಿ ನಕ್ಕುಬಿಟ್ಟ. ಆ ಬೀದಿಗೆ ಹೊಸದಾಗಿ ಬಂದವನು. ಒಡೆದ ಮನೆಗಳ ಹಲಗೆ, ತುಕ್ಕು ಹಿಡಿದ ಬಿಜಾಗ್ರಿ, ಹಳೆಯ ನೀರಿನ ಪೈಪು ಎಲ್ಲವನ್ನೂ ಹೊತ್ತು ತಂದು ಕಪಾಟು, ಸ್ಟೂಲು, ಬಟ್ಟೆಗೂಟ ಮಾಡಿ ಮಾರುವುದು ಅವನ ಕಸುಬು. ಕಸದಿಂದ ರಸ ತೆಗೆಯುವ ಕೈ ತನ್ನದು ಎಂಬ ಜಂಬ ಬೇರೆ. ಈ ಬಾಗಿಲೋ ಒಂದೇ ಹಲಗೆಯದು, ಗೆದ್ದಲು ಮೂಸಿಯೂ ನೋಡಿರಲಿಲ್ಲ. ನಟ್ಟನಡುವೆ ಹೆಬ್ಬೆರಳು ದಪ್ಪದ ತಾಮ್ರದ ಮೊಳೆ. ಒಂದು ಮಗ್ಗುಲಲ್ಲಿ ಚಿಲಕ. ಇನ್ನೊಂದು ಮಗ್ಗುಲ ತುಂಬ ಗೀರು, ಬರೀ ಗೀರು.

"ಬೆಕ್ಕು ಕೂಡಿಹಾಕಿದ್ರಾ ತಾತ?"

"ಸೊಸೇನ." ಮುದುಕನ ದನಿ ಇಳಿಯಿತು. "ಅವಳ ಕೂಗು ಹೊರಗೆ ಕೇಳಬಾರದು ಅಂತ ಮಾಟಗಾರನ್ನ ಕರೆಸಿ ಆ ಮೊಳೆ ಹೊಡೆಸಿದ್ರು. ಬಾಯಿಕಟ್ಟು ಮಾಟ. ಅವಳು ಒಳಗೆ ಹಸಿದು ಕೂಗ್ತಿದ್ಲು, ಮನೆಯೋರು ಬಾಗಿಲ ಮುಂದೇನೇ ಕೂತು ಉಣ್ತಿದ್ರು. ಸಾಯೋ ಮುಂಚೆ ಶಾಪ ಹಾಕಿದ್ಲು. ಈ ಬಾಗಿಲ ಮುಂದೆ ಉಂಡೋರಿಗೆ ಹೆತ್ತ ಮಗು ಕೂಗಿದ್ದೂ ಕೇಳದೇ ಹೋಗ್ಲಿ ಅಂತ."

"ಕೂಗೇ ಕೇಳಿಸ್ತಿರಲಿಲ್ಲ ಅಂತೀಯ, ಶಾಪ ಮಾತ್ರ ಹೆಂಗೆ ಕೇಳಿಸ್ತು?"

ಮುದುಕ ಬಾಗಿಲ ಮೇಲಿನ ಧೂಳು ಒರೆಸತೊಡಗಿದ. ಅಂಗಡಿಯೊಳಗಿಂದ ಅವನ ಮಗ "ಅಪ್ಪಾ, ಅಪ್ಪಾ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಮುದುಕ ತಿರುಗಿಯೂ ನೋಡಲಿಲ್ಲ. ಮಗನೇ ಹೊರಗೆ ಬಂದು ಹೆಗಲು ತಟ್ಟಬೇಕಾಯಿತು. ಪಾಪ, ಕಿವುಡ ಎಂದುಕೊಂಡ ಬಡಗಿ. ಬೆಕ್ಕಿನ ಮಾತಿಗೆ ಥಟ್ಟನೆ ಉತ್ತರ ಕೊಟ್ಟವನು ಕಿವುಡ ಹೇಗಾದಾನು ಎಂದು ಆಗ ಅವನಿಗೆ ಹೊಳೆಯಲಿಲ್ಲ. ವಿನಾಶ ಕಾಲೇ ವಿಪರೀತ ಬುದ್ಧಿ.

ಮನೆಗೆ ತಂದು ಹೆಂಡತಿಗೆ ಕತೆಯನ್ನು ತಮಾಷೆಯಾಗಿ ಹೇಳಿದ. ಅವಳು ನಗಲಿಲ್ಲ.

"ಮಗು ಇರೋ ಮನೆ ರೀ ಇದು. ಮಾರಿಬಿಡಿ ಅದನ್ನ."

"ಊರಿಗೆಲ್ಲಾ ಮೇಜು ಮಾಡಿಕೊಡ್ತೀರ, ನಮ್ಮನೇಲಿ ನೆಲವೇ ಗತಿ ಅಂತ ದಿನಾ ಕೊರೆಯೋಳು ನೀನೇ ಅಲ್ವಾ? ತಗೋ, ಮೇಜು!"

ತೋಪಡ ಹಾಕಿ ಗೀರುಗಳನ್ನು ಹೆರೆದ. ಸುರುಳಿ ಸುರುಳಿಯಾಗಿ ಉದುರಿದ ಹೊಟ್ಟಿಗೆ ಮರದ ವಾಸನೆ ಇರಲಿಲ್ಲ. ಮುಗ್ಗಲು ನೀರು, ಎಣ್ಣೆ ಕಾಣದ ಕೂದಲು, ಗಾಳಿಯಾಡದ ಕೋಣೆ, ಅದರದೇ ವಾಸನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮುಗಿಸಿದ. ಚೆಂದ ಕಾಣುತ್ತದೆಂದು ತಾಮ್ರದ ಮೊಳೆಯನ್ನು ತಿಕ್ಕಿ ಹೊಳೆಸಿ ಹಾಗೇ ಬಿಟ್ಟ. ಪೈಪು ಕಡಿದು ಕಾಲು ಕೊಟ್ಟ. ಚಿಲಕ ಯಾಕೆ ದಂಡ ಮಾಡಬೇಕೆಂದು ಸಾಮಾನಿನ ಕೋಣೆಯ ಬಾಗಿಲಿಗೆ ಹೊರಗಿನಿಂದ ಜಡಿದ.

ಹೆಂಡತಿ ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಮಗಳನ್ನೂ ಬಿಡಲಿಲ್ಲ. ಊಟಕ್ಕೆ ತಾಯಿ ಮಗಳು ಅಡುಗೆಮನೆಯ ನೆಲದ ಮೇಲೆ, ಇವನೊಬ್ಬ ಮಹಾರಾಜನ ಹಾಗೆ ಮೇಜಿನ ಮುಂದೆ. ಮಾತು ಕಲಿತ ದಿನದಿಂದ ಬಾಯಿ ಮುಚ್ಚದ ಮಗಳು ಅವಳು. ಕೆಲಸದ ನಡುವೆ "ಅಪ್ಪಾ ಇದ್ಯಾಕೆ, ಅಪ್ಪಾ ಅದ್ಯಾಕೆ" ಎಂದು ಪ್ರಾಣ ತಿನ್ನುತ್ತಿದ್ದಳು. ಈಚೆಗೆ ಮನೆ ತಣ್ಣಗಿದೆ ಅನ್ನಿಸಿ ಅವನಿಗೆ ಒಳಗೊಳಗೇ ಹಿತವಾಗಿತ್ತು.

"ಮಗು ಆಗಿನಿಂದ ಕರೀತಿದೆ, ಏನು ಜಾಣಕಿವುಡು ನಿಮ್ಮದು!" ಎಂದು ಹೆಂಡತಿ ರೇಗಿದಾಗ ಅವನಿಗೆ ಆಶ್ಚರ್ಯ. ಗರಗಸದ ಸದ್ದಿಗೆ ಕಿವಿ ಮಂದವಾಗಿರಬೇಕು ಎಂದುಕೊಂಡ. ಆದರೆ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಪಕ್ಕದ ಮನೆಯ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ಮಂದವಾಗಿದ್ದು ಏನು ಎಂದು ಅವನು ಯೋಚಿಸಲಿಲ್ಲ.

ಒಂದು ಮಧ್ಯಾಹ್ನ ಹೆಂಡತಿ ಹೊರಗೆ ಹೋಗಿದ್ದಳು. ಮಗಳು ಅಲ್ಲೇ ಎಲ್ಲೋ ಆಡಿಕೊಂಡಿದ್ದಾಳೆಂದು ಅವನು ಮುಂಬಾಗಿಲು ಹಾಕಿ ಊಟಕ್ಕೆ ಕೂತ.

ತುತ್ತು ಬಾಯಿಗಿಟ್ಟ. ಅದೇ ವಾಸನೆ. ಮುಗ್ಗಲು ನೀರು, ಕೂದಲು. ಅನ್ನ ಹಳಸಿತೇ? ಮೂಸಿದ. ಅನ್ನವಲ್ಲ, ಮೇಜು. ತಟ್ಟೆಯ ಪಕ್ಕ ವಾರ್ನಿಷಿನಡಿ ಬಿಳಿಯ ಗೆರೆಯೊಂದು ಎದ್ದಿತು. ನೋಡನೋಡುತ್ತಿದ್ದಂತೆ ಅದರ ಪಕ್ಕ ಇನ್ನೊಂದು. ಹೆರೆದು ಹಾಕಿದ ಗೀರುಗಳು! ಅಲ್ಲ. ಅವು ಅಗಲವಾಗಿದ್ದವು. ಇವು ಸಣ್ಣ. ಪುಟ್ಟ ಬೆರಳಿನವು. ಮೊಳೆ ಮುಟ್ಟಿದ. ಕೆಂಡದ ಹಾಗೆ ಸುಟ್ಟಿತು.

ಯಾರೋ ಮುಂಬಾಗಿಲು ಬಡಿಯತೊಡಗಿದರು. ತೆರೆದ. ಪಕ್ಕದ ಮನೆಯ ಹೊಲಿಗೆಯವಳು, ಅವಳ ಹಿಂದೆ ಅರ್ಧ ಬೀದಿ.

"ಮಗು ಹಂಗೆ ಕಿರುಚ್ತಿದ್ರೆ ಏನಣ್ಣ ಮಾಡ್ತಿದ್ದೀಯ ಒಳಗೆ?"

"ಯಾವ ಮಗು?"

"ಅಯ್ಯೋ ಪಾಪಿ, ನಿನ್ನ ಮಗೂನೇ! ಈಗ್ಲೂ ಕೂಗ್ತಿದೆಯಲ್ಲೋ!"

ಅವನು ಕಿವಿಗೊಟ್ಟ. ನಲ್ಲಿ ತೊಟ್ಟಿಕ್ಕುತ್ತಿತ್ತು. ಅಷ್ಟೇ.

ಓಡಿದ. ಸಾಮಾನಿನ ಕೋಣೆ. ಬಾಗಿಲು ನಡುಗುತ್ತಿತ್ತು. ಒಳಗಿನಿಂದ ಯಾರೋ ಗುದ್ದುತ್ತಿದ್ದರು. ಸದ್ದಿಲ್ಲ. ಚಿಲಕ ತಾನಾಗಿ ಬಿದ್ದಿತ್ತು. ಎಳೆದ. ಬರಲಿಲ್ಲ. ಕೈ ಜಾರಿತು. ಉಳಿ ಹಾಕಿ ಮೀಟಿದ. ಉಳಿ ಮುರಿಯಿತು. ಹೆಗಲು ಕೊಟ್ಟು ಗುದ್ದಿದ. ಮತ್ತೆ ಗುದ್ದಿದ. ಬಾಗಿಲು ಕಿತ್ತು ಬಂತು.

ಕತ್ತಲಲ್ಲಿ, ಬಾಗಿಲ ಪಕ್ಕದಲ್ಲೇ ಮಗಳು. ಉರುಳಿಬಿದ್ದ ಹಲಗೆಗಳ ನಡುವೆ ಕಾಲು ಸಿಕ್ಕಿಕೊಂಡಿತ್ತು. ಉಗುರುಗಳಲ್ಲಿ ರಕ್ತ. ಬಾಯಿ ಇಷ್ಟಗಲ ತೆರೆದಿತ್ತು. ಕತ್ತಿನ ನರ ಉಬ್ಬಿತ್ತು. ಅವನು ಎತ್ತಿ ಎದೆಗೆ ಒತ್ತಿಕೊಂಡ. ಅವಳ ಬಿಸಿಯುಸಿರು ಅವನ ಕಿವಿಗೇ ಬಡಿಯುತ್ತಿತ್ತು. ಉಸಿರು ಮಾತ್ರ.

ಮಗು ಬದುಕಿತು. ಅಂದೇ ಮೇಜನ್ನು ಸೀಳಿ ಸುಟ್ಟ. ಬೂದಿಯಲ್ಲಿ ಉಳಿದ ಮೊಳೆ ಹಿಡಿದು ಗುಜರಿ ಅಂಗಡಿಗೆ ಓಡಿದ.

"ಸುಟ್ಟೆ ತಾತ. ಇನ್ನಾದ್ರೂ ಬಿಡುತ್ತಾ?"

"ಉಂಡಿದ್ದು ಉಂಡಾಯ್ತಲ್ಲಪ್ಪ," ಎಂದ ಮುದುಕ. "ಶಾಪ ಹೆಂಗೆ ಕೇಳಿಸ್ತು ಅಂತ ಕೇಳಿದ್ಯಲ್ಲ ಅವತ್ತು. ಅದೊಂದು ಮಾತು ಮೊಳೆ ದಾಟಿ ಬಂತು. ಆ ಮನೇಲಿ ತಟ್ಟೆ ಮುಂದೆ ಕೂತಿದ್ದೆ ನಾನು. ಆಮೇಲೆ ನನಗೊಬ್ಬ ಮಗ ಹುಟ್ಟಿದ. ಹೆಂಗಿದೆಯಪ್ಪ ಅವನ ದನಿ? ನನ್ನ ಹಂಗೇ ಇದೆಯಾ?"

ಬಡಗಿ ಮೊಳೆಯನ್ನು ಅವನ ಮುಂದಿಟ್ಟು ಹೊರಟು ಬಂದ.

ಈಗ ಅವನು ಮರ ಹೆರೆಯುವಾಗ ಬಾಗಿಲ ಕಡೆಗೇ ಮುಖ ಮಾಡಿ ಕೂರುತ್ತಾನೆ, ಮಗಳು ಬಂದರೆ ಕಾಣಲಿ ಎಂದು. ಒಂದು ಸಂಜೆ ಯಾಕೋ ಮರೆತು ಬೆನ್ನು ತಿರುಗಿಸಿದ್ದ. ಎಷ್ಟೋ ಹೊತ್ತಿನ ಮೇಲೆ ಹೊರಳಿ ನೋಡಿದರೆ ಹೊಸ್ತಿಲಲ್ಲಿ ಮಗಳ ಬೆನ್ನು ಕಂಡಿತು. ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ಒಳಗಿನಿಂದ ಹೆಂಡತಿಯ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ಕಂದ, ಅಪ್ಪಂಗೆ ನಿನ್ನ ಮೇಲೆ ಕೋಪ ಇಲ್ಲ."

ಸ್ವಲ್ಪ ಹೊತ್ತು ಏನೂ ಇಲ್ಲ.

"ಅಳಬೇಡ. ಇನ್ಮೇಲೆ ಏನಿದ್ರೂ ನನ್ನನ್ನೇ ಕರಿ."